ಉತ್ತರದ ಗೋಡೆಯ ಬಿಸಿಲು: ಭೂಮಿಯ ಓರೆ, ಕಕ್ಷೆ ಮತ್ತು ನಮ್ಮ ಹಂಗಾಮುಗಳು

ವಿಜಯಪುರದಲ್ಲಿ ಉತ್ತರಕ್ಕೆ ಮುಖ ಮಾಡಿದ ಗೋಡೆಯ ಮೇಲೆ ನಡುಮಧ್ಯಾಹ್ನದ ಬಿಸಿಲು ಬೀಳುವುದು ವರ್ಷದಲ್ಲಿ ಮೂರೇ ತಿಂಗಳು. ಮೇ 7ರ ಸುಮಾರಿಗೆ ಆ ಗೋಡೆಗೆ ತಾಗತೊಡಗುವ ಬಿಸಿಲು ಆಗಸ್ಟ್ 5 ಅಥವಾ 6ರ ಹೊತ್ತಿಗೆ ಅದನ್ನು ಬಿಟ್ಟು ಹೋಗುತ್ತದೆ. ಉಳಿದ ಒಂಬತ್ತು ತಿಂಗಳು ಮಧ್ಯಾಹ್ನದ ಸೂರ್ಯ ದಕ್ಷಿಣದ ಕಡೆಗೇ ಇರುತ್ತಾನೆ. ಸೂರ್ಯ ನೆತ್ತಿಯ ಮೇಲೆ ಬಂದನೆಂದು ನಾವು ದಿನವೂ ಅನ್ನುತ್ತೇವಾದರೂ, ಈ ಊರಿನಲ್ಲಿ ಆ ಮಾತು ಅಕ್ಷರಶಃ ನಿಜವಾಗುವುದು ಗಡಿಯ ಆ ಎರಡು ದಿನಗಳಲ್ಲಿ ಮಾತ್ರ. ಅಂದು ಹನ್ನೆರಡೂವರೆಯ ಆಚೀಚೆ ನೆಟ್ಟಗೆ ನಿಲ್ಲಿಸಿದ ಕೋಲಿನ ನೆರಳು ಅದರ ಬುಡದಲ್ಲೇ ಅಡಗಿಬಿಡುತ್ತದೆ. ಹನ್ನೆರಡಕ್ಕೆ ಸರಿಯಾಗಿ ಅಡಗುವುದಿಲ್ಲ, ಏಕೆಂದರೆ ನಮ್ಮ ಗಡಿಯಾರಗಳು ನಡೆಯುವುದು 82.5 ಡಿಗ್ರಿ ರೇಖಾಂಶದ ಹೊತ್ತಿಗೆ. ವಿಜಯಪುರ ಅದಕ್ಕಿಂತ ಸುಮಾರು 7 ಡಿಗ್ರಿ ಪಶ್ಚಿಮಕ್ಕಿರುವುದರಿಂದ ಇಲ್ಲಿ ನಿಜವಾದ ಮಧ್ಯಾಹ್ನವಾಗುವುದು ಸರಾಸರಿ 27 ನಿಮಿಷ ತಡವಾಗಿ. ಬಾಗಲಕೋಟೆ ಮತ್ತು ಬೆಳಗಾವಿ ಇನ್ನೂ ತುಸು ದಕ್ಷಿಣಕ್ಕಿರುವುದರಿಂದ ಅಲ್ಲಿ ನೆರಳಿಲ್ಲದ ದಿನ ಮೇ ತಿಂಗಳಲ್ಲಿ ಎರಡರಿಂದ ನಾಲ್ಕು ದಿನ ಮೊದಲೂ ಆಗಸ್ಟ್ ತಿಂಗಳಲ್ಲಿ ಅಷ್ಟೇ ದಿನ ತಡವಾಗಿಯೂ ಬರುತ್ತದೆ.

ಇದನ್ನು ಪರೀಕ್ಷಿಸಲು ಯಾವ ಉಪಕರಣವೂ ಬೇಡ. ಒಂದು ಮೀಟರ್ ಎತ್ತರದ ಕೋಲನ್ನು ಮಾಳಿಗೆಯ ಮೇಲೆ ನೆಟ್ಟಗೆ ನಿಲ್ಲಿಸಿ, ಆಯಾ ದಿನದ ಅತಿ ಗಿಡ್ಡ ನೆರಳನ್ನು ಅಳೆಯುತ್ತ ಹೋದರೆ ಸಾಕು. ಡಿಸೆಂಬರ್ 21ರಂದು ಆ ನೆರಳು ಉತ್ತರಕ್ಕೆ 85 ಸೆಂ.ಮೀ. ಚಾಚಿಕೊಂಡಿರುತ್ತದೆ. ಮಾರ್ಚ್ 21ಕ್ಕೆ ಅದು 30 ಸೆಂ.ಮೀ.ಗೆ ಇಳಿಯುತ್ತದೆ, ಮೇ ಮೊದಲ ವಾರ ಕಳೆಯುವಾಗ ಇಲ್ಲವಾಗುತ್ತದೆ, ಜೂನ್ 21ರಂದು ದಕ್ಷಿಣದ ಕಡೆಗೆ ಹೊರಳಿ 11–12 ಸೆಂ.ಮೀ. ಆಗಿರುತ್ತದೆ. ಈ ಅಂಕಿಗಳೆಲ್ಲ ಎರಡೇ ಸಂಖ್ಯೆಗಳಿಂದ ಹುಟ್ಟಿದವು. ವಿಜಯಪುರ ಇರುವುದು ಸಮಭಾಜಕ ವೃತ್ತದಿಂದ ಉತ್ತರಕ್ಕೆ 16.8 ಡಿಗ್ರಿ ಅಕ್ಷಾಂಶದಲ್ಲಿ. ಭೂಮಿಯ ಅಕ್ಷ ಓರೆಯಾಗಿರುವುದು 23.4 ಡಿಗ್ರಿ. ಎರಡನ್ನೂ ಕೂಡಿದರೆ ಡಿಸೆಂಬರ್‌ನಲ್ಲಿ ಸೂರ್ಯ ನೆತ್ತಿಯಿಂದ ಎಷ್ಟು ದಕ್ಷಿಣಕ್ಕೆ ಸರಿದಿರುತ್ತಾನೆಂಬುದೂ (ಸುಮಾರು 40 ಡಿಗ್ರಿ), ಒಂದರಿಂದ ಇನ್ನೊಂದನ್ನು ಕಳೆದರೆ ಜೂನ್‌ನಲ್ಲಿ ಎಷ್ಟು ಉತ್ತರಕ್ಕೆ ದಾಟಿರುತ್ತಾನೆಂಬುದೂ (6.6 ಡಿಗ್ರಿ) ಸಿಗುತ್ತವೆ.

ಓರೆ ಎಂದರೆ ಏನೆಂಬುದನ್ನು ಪಠ್ಯಪುಸ್ತಕದ ಚಿತ್ರಗಳಿಗಿಂತ ಹಳೆಯ ಕಾಲದ ಕಣ ಚೆನ್ನಾಗಿ ತಿಳಿಸುತ್ತದೆ. ಕಣದ ನಡುವೆ ನೆಟ್ಟ ಮೇಟಿಯೇ ಸೂರ್ಯ ಎಂದುಕೊಳ್ಳಿ. ಕೈಯಲ್ಲಿ ಒಂದು ಕೋಲನ್ನು ಹಿಡಿದು, ಅದರ ತುದಿಯನ್ನು ಉತ್ತರಕ್ಕೆ, ಅಂದರೆ ಸೊಲ್ಲಾಪುರದ ದಿಕ್ಕಿಗೆ ವಾಲಿಸಿಕೊಂಡು, ಆ ವಾಲಿಕೆಯನ್ನು ಒಂದಿಷ್ಟೂ ಬದಲಿಸದೆ ಮೇಟಿಯ ಸುತ್ತ ನಡೆಯಬೇಕು. ಮೇಟಿಯ ದಕ್ಷಿಣಕ್ಕೆ ಬಂದಾಗ ಕೋಲಿನ ತುದಿ ಮೇಟಿಯ ಕಡೆಗೆ ಬಾಗಿರುತ್ತದೆ. ಅದು ನಮ್ಮ ಜೂನ್. ಉತ್ತರಕ್ಕೆ ಬಂದಾಗ ಅದೇ ಕೋಲು, ಅದೇ ವಾಲಿಕೆ, ಆದರೆ ತುದಿ ಮೇಟಿಯಿಂದ ಆಚೆಗೆ ಹೊರಳಿರುತ್ತದೆ, ಅದು ಡಿಸೆಂಬರ್. ಪೂರ್ವಕ್ಕೂ ಪಶ್ಚಿಮಕ್ಕೂ ಇದ್ದಾಗ ಕೋಲು ಮೇಟಿಯ ಕಡೆಗೂ ಇಲ್ಲ, ಆಚೆಗೂ ಇಲ್ಲ, ಅಡ್ಡಲಾಗಿ ವಾಲಿರುತ್ತದೆ. ಹಗಲು ರಾತ್ರಿಗಳು ಬಹುಮಟ್ಟಿಗೆ ಸಮನಾಗುವ ಮಾರ್ಚ್ ಮತ್ತು ಸೆಪ್ಟೆಂಬರ್ ಅವು. ಇಲ್ಲಿ ಮುಖ್ಯವಾದ ಸಂಗತಿ ವಾಲಿಕೆಯೊಂದೇ ಅಲ್ಲ, ಅದು ದಿಕ್ಕು ಬದಲಿಸದೆ ಇರುವುದು ಕೂಡ. ಹಂತಿಯ ಎತ್ತು ಸುತ್ತುವಾಗ ಒಂದೇ ಮಗ್ಗುಲನ್ನು ಸದಾ ಮೇಟಿಗೆ ತೋರಿಸುತ್ತದಲ್ಲ, ಹಾಗೆ ಭೂಮಿಯೂ ತನ್ನ ವಾಲಿಕೆಯನ್ನು ಸೂರ್ಯನ ಕಡೆಗೇ ತಿರುಗಿಸುತ್ತ ಸಾಗಿದ್ದರೆ ಉತ್ತರಾರ್ಧಕ್ಕೆ ಎಂದೆಂದಿಗೂ ಬೇಸಿಗೆ, ದಕ್ಷಿಣಾರ್ಧಕ್ಕೆ ಎಂದೆಂದಿಗೂ ಚಳಿ ಆಗಿರುತ್ತಿತ್ತು.

ಚಳಿಗಾಲದಲ್ಲಿ ಸೂರ್ಯ ದೂರ ಹೋಗುತ್ತಾನೆ, ಬೇಸಿಗೆಯಲ್ಲಿ ಹತ್ತಿರ ಬರುತ್ತಾನೆ ಎಂಬ ನಂಬಿಕೆ ಓದಿದವರಲ್ಲಿಯೂ ಗಟ್ಟಿಯಾಗಿ ಉಳಿದುಕೊಂಡಿದೆ, ಮತ್ತು ಅದು ಪೂರಾ ತಲೆಕೆಳಗಾದ ನಂಬಿಕೆ. ಭೂಮಿ ಸೂರ್ಯನಿಗೆ ಅತಿ ಹತ್ತಿರವಾಗುವುದು ಜನವರಿ 3–4ರ ಸುಮಾರಿಗೆ. ಎಂದರೆ ವಿಜಯಪುರದಲ್ಲಿ ಸಿದ್ಧೇಶ್ವರ ಜಾತ್ರೆಗೆ ಹತ್ತು ದಿನ ಉಳಿದಿರುವಾಗ, ಜನ ನಸುಕಿನಲ್ಲಿ ಕೌದಿ ಬಿಟ್ಟು ಏಳಲು ಒಲ್ಲೆನ್ನುವ ದಿನಗಳಲ್ಲಿ. ಆಗಿನ ದೂರ 14 ಕೋಟಿ 71 ಲಕ್ಷ ಕಿ.ಮೀ. ಜುಲೈ ಮೊದಲ ವಾರದಲ್ಲಿ ಅದು 15 ಕೋಟಿ 21 ಲಕ್ಷ ಕಿ.ಮೀ. ಆಗಿರುತ್ತದೆ. 50 ಲಕ್ಷ ಕಿ.ಮೀ. ಕೇಳಲು ದೊಡ್ಡದೆನಿಸಿದರೂ ಒಟ್ಟು ದೂರದಲ್ಲಿ ಅದು ಶೇಕಡಾ 3ಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೆ. ದೂರವೇ ಋತುಗಳಿಗೆ ಕಾರಣವಾಗಿದ್ದರೆ ಇಡೀ ಭೂಮಿಗೆ ಏಕಕಾಲಕ್ಕೆ ಬೇಸಿಗೆ ಬರಬೇಕಿತ್ತು. ಹಾಗಿಲ್ಲವೆಂಬುದಕ್ಕೆ ಸಾಕ್ಷಿ ಕ್ರಿಕೆಟ್ ನೋಡುವವರಿಗೆಲ್ಲ ಗೊತ್ತು: ಡಿಸೆಂಬರ್ 26ರ ಮೆಲ್ಬರ್ನ್ ಟೆಸ್ಟ್ ಪಂದ್ಯವನ್ನು ನಾವು ಇಲ್ಲಿ ನಸುಕಿನ ಚಳಿಯಲ್ಲಿ ಮುದುರಿ ಕುಳಿತು ನೋಡುವಾಗ, ಅಲ್ಲಿ ಪ್ರೇಕ್ಷಕರು ಟೊಪ್ಪಿಗೆ ಹಾಕಿಕೊಂಡು ಬೇಸಿಗೆಯ ಬಿಸಿಲಿನಲ್ಲಿ ಕುಳಿತಿರುತ್ತಾರೆ.

ಓರೆಯು ಬಿಸಿಲಿನ ಮೇಲೆ ಎರಡು ಬಗೆಯಲ್ಲಿ ಕೆಲಸ ಮಾಡುತ್ತದೆ. ಮೊದಲನೆಯದು ಬಿಸಿಲು ಬೀಳುವ ಕೋನ. ಬ್ಯಾಟರಿಯ ಬೆಳಕನ್ನು ನೇರವಾಗಿ ನೆಲಕ್ಕೆ ಹಿಡಿದರೆ ದುಂಡನೆಯ ಸಣ್ಣ ಬೆಳಕಿನ ವೃತ್ತ ಮೂಡುತ್ತದೆ, ಓರೆಯಾಗಿ ಹಿಡಿದರೆ ಅದೇ ಬೆಳಕು ಉದ್ದಕ್ಕೆ ಹರಡಿ ತೆಳುವಾಗುತ್ತದೆ. ಡಿಸೆಂಬರ್‌ನ ಮಧ್ಯಾಹ್ನ ವಿಜಯಪುರದಲ್ಲಿ ಸೂರ್ಯನ ಎತ್ತರ ಸುಮಾರು 50 ಡಿಗ್ರಿ ಮಾತ್ರ. ಆಗ ಒಂದು ಚದರ ಮೀಟರ್ ನೆಲಕ್ಕೆ ದಕ್ಕುವ ಬಿಸಿಲು ನೇರ ಬಿಸಿಲಿನ ಮುಕ್ಕಾಲು ಪಾಲು. ಎರಡನೆಯದು ಹಗಲಿನ ಉದ್ದ. ಇಲ್ಲಿ ಜೂನ್ ತಿಂಗಳ ದೀರ್ಘ ಹಗಲು 13 ಗಂಟೆಗಿಂತ ಸ್ವಲ್ಪ ಹೆಚ್ಚು, ಡಿಸೆಂಬರ್‌ನ ಗಿಡ್ಡ ಹಗಲು 11 ಗಂಟೆಗಿಂತ ಸ್ವಲ್ಪ ಹೆಚ್ಚು. ಎರಡನ್ನೂ ಸೇರಿಸಿ ಲೆಕ್ಕ ಹಾಕಿದರೆ, ಗಾಳಿ ಮೋಡಗಳನ್ನು ಬದಿಗಿಟ್ಟು, ವಾತಾವರಣದ ಮೇಲ್ತುದಿಗೆ ಡಿಸೆಂಬರ್‌ನ ಒಂದು ದಿನದಲ್ಲಿ ಬರುವ ಬಿಸಿಲು ಜೂನ್‌ನ ಒಂದು ದಿನಕ್ಕಿಂತ ಸುಮಾರು ಶೇಕಡಾ 30ರಷ್ಟು ಕಡಿಮೆ. ಜನವರಿಯ ಸಾಮೀಪ್ಯ ಇರದಿದ್ದರೆ ಈ ಕೊರತೆ ಮೂರನೇ ಒಂದು ಪಾಲನ್ನೂ ದಾಟುತ್ತಿತ್ತು. ನಮ್ಮ ಚಳಿಯನ್ನು ದೂರ ಹೆಚ್ಚಿಸುವುದಿರಲಿ, ಹತ್ತಿರದ ಸೂರ್ಯ ಅದನ್ನು ತುಸು ತಗ್ಗಿಸುತ್ತಿದ್ದಾನೆ.

ಶೇಕಡಾ 30 ಎಂಬುದು ಸಣ್ಣ ಏರಿಳಿತ. ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್ ಇರುವ 60 ಡಿಗ್ರಿ ಅಕ್ಷಾಂಶದಲ್ಲಿ ಡಿಸೆಂಬರ್‌ನ ಹಗಲು ಆರು ಗಂಟೆಯೂ ತುಂಬದು, ಮಧ್ಯಾಹ್ನದ ಸೂರ್ಯ ದಿಗಂತದಿಂದ 7 ಡಿಗ್ರಿಯೂ ಏರುವುದಿಲ್ಲ. ಅಲ್ಲಿ ಜೂನ್‌ನ ಒಂದು ದಿನದ ಬಿಸಿಲು ಡಿಸೆಂಬರ್‌ನ ಒಂದು ದಿನದ ಬಿಸಿಲಿನ ಸುಮಾರು 20 ಪಟ್ಟು. ಇನ್ನೂ ಸೋಜಿಗವೆಂದರೆ, ಜೂನ್ 21ರಂದು ವಾತಾವರಣದ ಮೇಲ್ತುದಿಯಲ್ಲಿ ಅಳೆದರೆ ಆ ಊರಿಗೆ ವಿಜಯಪುರಕ್ಕಿಂತ ಹೆಚ್ಚು ಬಿಸಿಲು ದಕ್ಕುತ್ತದೆ, ಏಕೆಂದರೆ ಸೂರ್ಯ ಅಲ್ಲಿ ಅಷ್ಟು ಎತ್ತರಕ್ಕೇರದಿದ್ದರೂ ಹತ್ತೊಂಬತ್ತು ಗಂಟೆಯ ಹತ್ತಿರ ಮುಳುಗದೆ ಇರುತ್ತಾನೆ. ಯುರೋಪಿನವರು ವಸಂತ, ಬೇಸಿಗೆ, ಶರತ್ತು, ಚಳಿಗಾಲಗಳೆಂದು ನಾಲ್ಕು ಭಾಗ ಮಾಡಿಕೊಂಡದ್ದು ಬಿಸಿಲಿನ ಈ ದೊಡ್ಡ ಏರಿಳಿತವನ್ನು ಅನುಸರಿಸಿ. ನಮ್ಮ ರೈತರು ಬೇಸಿಗೆ, ಮಳೆಗಾಲ, ಚಳಿಗಾಲ ಎಂದು ಮೂರೇ ಹೇಳುವುದು, ಅದರಲ್ಲೂ ಬಿತ್ತನೆಗೆ ಮುಂಗಾರಿ, ಹಿಂಗಾರಿ ಎಂದು ಎರಡೇ ಎಣಿಸುವುದು ತಿಳಿವಳಿಕೆಯ ಕೊರತೆಯಿಂದಲ್ಲ. ಇಲ್ಲಿ ವರ್ಷವನ್ನು ಹೋಳು ಮಾಡುವುದು ಬಿಸಿಲಿಗಿಂತ ಹೆಚ್ಚಾಗಿ ನೀರು.

ಅದನ್ನು ತಿಳಿಯಲು ಉತ್ತರದ ಗೋಡೆಗೆ ಮರಳಬೇಕು. ಮೇ ಮೊದಲ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ, ಆ ಗೋಡೆಗೆ ಬಿಸಿಲು ತಾಗುವ ಮೂರು ತಿಂಗಳೂ, ವಿಜಯಪುರದ ಮೇಲಿನ ವಾತಾವರಣಕ್ಕೆ ದಿನವೊಂದಕ್ಕೆ ಸಲ್ಲುವ ಬಿಸಿಲು ಹೆಚ್ಚುಕಡಿಮೆ ಒಂದೇ ಸಮ. ಲೆಕ್ಕದ ಪ್ರಕಾರ ಮೇ, ಜೂನ್, ಜುಲೈ ಮೂರೂ ಒಂದೇ ಬಗೆಯ ಸೆಕೆಯಿಂದ ಬೇಯಬೇಕು. ಭೂಮಿ ಕಾಯಲು ಹಿಡಿಯುವ ಹೊತ್ತನ್ನೂ ಗಣನೆಗೆ ತಂದರೆ ಜುಲೈ ತಿಂಗಳೇ ಎಲ್ಲಕ್ಕಿಂತ ಬಿಸಿಯಾಗಬೇಕು. ಆದರೆ ಇಲ್ಲಿ ಉಷ್ಣಾಂಶ 40 ಡಿಗ್ರಿಯ ಆಸುಪಾಸಿಗೆ ಏರುವುದು ಏಪ್ರಿಲ್ ಮತ್ತು ಮೇ ತಿಂಗಳಲ್ಲಿ, ಜೂನ್ ನಡುವಿಗೆ ಅದು ಇಳಿದುಬಿಟ್ಟಿರುತ್ತದೆ. ಸೂರ್ಯ ಕೊಟ್ಟದ್ದನ್ನು ಮೋಡ ಮೇಲೆಯೇ ತಡೆಯುತ್ತದೆ, ಒದ್ದೆ ನೆಲ ತನಗೆ ಸಿಕ್ಕ ಶಾಖದ ದೊಡ್ಡ ಪಾಲನ್ನು ನೀರನ್ನು ಆವಿಯಾಗಿಸಲು ವ್ಯಯಿಸುತ್ತದೆ. ವಿಚಿತ್ರವೆಂದರೆ ಆ ಮೋಡವನ್ನು ಇಲ್ಲಿಗೆ ಎಳೆದು ತಂದದ್ದೂ ಅದೇ ಸೂರ್ಯ, ಅದೇ ಓರೆ.

ಮಾರ್ಚ್ ನಂತರ ಸೂರ್ಯ ಉತ್ತರಕ್ಕೆ ಸರಿದಂತೆ ಏಷ್ಯಾದ ನೆಲ ಬೇಗ ಕಾಯುತ್ತದೆ, ಹಿಂದೂ ಮಹಾಸಾಗರ ನಿಧಾನವಾಗಿ ಕಾಯುತ್ತದೆ. ನೆಲದಲ್ಲಿ ಬಿಸಿಲು ಕಾಯಿಸುವುದು ಮೇಲಿನ ತೆಳುವಾದ ಪದರವನ್ನಷ್ಟೆ. ಕಡಲಿನಲ್ಲಿ ಶಾಖ ಆಳಕ್ಕಿಳಿದು ಕಲಸಿಹೋಗುತ್ತದೆ. ಕಾದ ನೆಲದ ಮೇಲೆ ಗಾಳಿಯ ಒತ್ತಡ ತಗ್ಗುತ್ತದೆ, ಟಿಬೆಟ್ ಪ್ರಸ್ಥಭೂಮಿಯ ಎತ್ತರವೂ ಹಿಮಾಲಯದ ಗೋಡೆಯೂ ಈ ವ್ಯವಸ್ಥೆಯನ್ನು ಬಲಪಡಿಸುತ್ತವೆ, ಸಮಭಾಜಕ ವೃತ್ತದ ಹತ್ತಿರ ಇರುತ್ತಿದ್ದ ಮಳೆಯ ಪಟ್ಟಿ ಉಪಖಂಡದ ಮೇಲಕ್ಕೆ ಸರಿಯುತ್ತದೆ. ಆಗ ದಕ್ಷಿಣಾರ್ಧಗೋಳದಿಂದ ಹೊರಟ ಗಾಳಿ ಸಮಭಾಜಕವನ್ನು ದಾಟಿ, ಭೂಮಿಯ ತಿರುಗುವಿಕೆಯಿಂದಾಗಿ ಬಲಕ್ಕೆ ಹೊರಳಿ, ಸೊಮಾಲಿಯಾದ ಕರಾವಳಿಯ ಬಳಿ ರಭಸ ಪಡೆದು, ಅರಬ್ಬೀ ಸಮುದ್ರದ ತೇವವನ್ನು ಹೊತ್ತು ನೈಋತ್ಯದಿಂದ ನಮ್ಮ ಪಶ್ಚಿಮ ಕರಾವಳಿಗೆ ಬಡಿಯುತ್ತದೆ. ಭೂಮಿಯ ಅಕ್ಷ ನೆಟ್ಟಗೆ ನಿಂತಿದ್ದರೆ ಮಳೆಯ ಪಟ್ಟಿ ಹೀಗೆ ಋತುವಿನಿಂದ ಋತುವಿಗೆ ಉತ್ತರ ದಕ್ಷಿಣವಾಗಿ ಅಲೆದಾಡಲು ಕಾರಣವೇ ಇರುತ್ತಿರಲಿಲ್ಲ, ವಿಜಯಪುರದ ಮಧ್ಯಾಹ್ನದ ನೆರಳು ವರ್ಷವಿಡೀ ಅದೇ 30 ಸೆಂ.ಮೀ. ಇರುತ್ತಿತ್ತು.

ಇಷ್ಟಾದರೂ ಓರೆಯೊಂದರಿಂದಲೇ ಒಂದು ಊರಿನ ಹವೆಯನ್ನು ವಿವರಿಸಲಾಗುವುದಿಲ್ಲ. ಬೆಳಗಾವಿಗೂ ವಿಜಯಪುರಕ್ಕೂ ಅಕ್ಷಾಂಶದಲ್ಲಿ ಇರುವ ಅಂತರ ಒಂದು ಡಿಗ್ರಿ. ಸೂರ್ಯ ಇಬ್ಬರಿಗೂ ಕೊಡುವುದು ಒಂದೇ. ಆದರೆ ಬೆಳಗಾವಿ ನಗರಕ್ಕೆ ವರ್ಷಕ್ಕೆ ಬೀಳುವ ಮಳೆ ವಿಜಯಪುರದ ಸುಮಾರು ಎರಡು ಪಟ್ಟು, ಮಲಪ್ರಭೆ ಹುಟ್ಟುವ ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಅದಕ್ಕಿಂತಲೂ ಎಷ್ಟೋ ಹೆಚ್ಚು. ತೇವದ ಗಾಳಿ ಸಹ್ಯಾದ್ರಿಯನ್ನು ಏರುವಾಗ ತಣ್ಣಗಾಗಿ ಅಲ್ಲೇ ಮಳೆ ಸುರಿಸಿ, ಪೂರ್ವಕ್ಕೆ ಇಳಿಯುವಾಗ ಬಿಸಿಯಾಗಿ ಒಣಗುತ್ತದೆ. ಆಷಾಢದ ಗಾಳಿ ಎಂದು ನಮ್ಮಲ್ಲಿ ಹೆಸರಾದದ್ದು ಇದೇ: ಮೋಡಗಳು ದಿನವಿಡೀ ಪೂರ್ವಕ್ಕೆ ಓಡುತ್ತಿರುತ್ತವೆ, ಗಿಡಗಳು ಬಾಗಿ ಏಳುತ್ತಿರುತ್ತವೆ, ಹನಿ ಮಾತ್ರ ಬೀಳುವುದಿಲ್ಲ. ಅದೇ ದಿನಗಳಲ್ಲಿ ಮಹಾಬಳೇಶ್ವರದ ಕಡೆಯ ಮಳೆಯನ್ನು ಹೊತ್ತ ಕೃಷ್ಣೆ ಕೆಂಪಾಗಿ ತುಂಬಿ ಬಂದು ಆಲಮಟ್ಟಿ ಜಲಾಶಯದ ಮಟ್ಟ ಏರುತ್ತಿರುತ್ತದೆ. ಹೊಲ ಒಣಗುತ್ತಿರುವಾಗ ಹೊಳೆ ಉಕ್ಕುವ ಈ ನೋಟ ಹೊರಗಿನಿಂದ ಬಂದವರಿಗೆ ಒಗಟಿನಂತೆ ಕಾಣುತ್ತದೆ. ಸಹ್ಯಾದ್ರಿಯ ಈ ಬದಿಯಲ್ಲಿ ಹುಟ್ಟಿದವರಿಗೆ ಅದು ಪ್ರತಿವರ್ಷದ ಕಥೆ.

ವಿಜಯಪುರಕ್ಕೆ ವರ್ಷದ ಅತಿ ಹೆಚ್ಚು ಮಳೆ ಬೀಳುವ ತಿಂಗಳು ಸೆಪ್ಟೆಂಬರ್. ಆ ಹೊತ್ತಿಗೆ ಸೂರ್ಯ ದಕ್ಷಿಣಕ್ಕೆ ಹೊರಳಿ ಸಮಭಾಜಕದ ಹತ್ತಿರ ಬಂದಿರುತ್ತಾನೆ, ನೈಋತ್ಯದ ಗಾಳಿಯ ಬಿಗಿ ಸಡಿಲುತ್ತದೆ, ಮಳೆಯ ಪಟ್ಟಿ ಹಿಂದಿರುಗುವ ದಾರಿಯಲ್ಲಿ ನಮ್ಮ ಮೇಲೆ ಹಾದುಹೋಗುತ್ತದೆ, ಬಂಗಾಳ ಕೊಲ್ಲಿಯ ವಾಯುಭಾರ ಕುಸಿತಗಳ ಪಾಲೂ ಸಿಗುತ್ತದೆ. ಉತ್ತರೆ ಮತ್ತು ಹಸ್ತ ಮಳೆಗಳ ಮೇಲೆ ಬಿಳಿಜೋಳದ ರೈತ ಅಷ್ಟು ನಂಬಿಕೆ ಇಡುವುದು ಇದಕ್ಕೇ. ಆ ಮಳೆಯ ತೇವವನ್ನು ಆಳವಾದ ಎರೆಭೂಮಿ ಕುಡಿದಿಟ್ಟುಕೊಳ್ಳುತ್ತದೆ. ನಂತರ ನಾಲ್ಕು ತಿಂಗಳು ಹೇಳಿಕೊಳ್ಳುವಂಥ ಮಳೆಯೇ ಇಲ್ಲದೆ ಜೋಳ, ಕಡಲೆ, ಕುಸುಬೆಗಳು ಬೆಳೆಯುತ್ತವೆ. ಇದು ಮಣ್ಣಿನ ಗುಣವೆಂದು ಎಲ್ಲರೂ ಹೇಳುತ್ತಾರೆ, ಸರಿಯೇ. ಆದರೆ ನನ್ನ ದೃಷ್ಟಿಯಲ್ಲಿ ಅರ್ಧ ಶ್ರೇಯ ಓರೆಗೆ ಸಲ್ಲಬೇಕು. ನವೆಂಬರ್‌ನಿಂದ ಜನವರಿಯವರೆಗೆ ಬಿಸಿಲು ಶೇಕಡಾ 30ರವರೆಗೆ ತಗ್ಗಿ, ರಾತ್ರಿಗಳು ನೀಳವಾಗಿ, ಮೋಡವಿಲ್ಲದ ಆಕಾಶಕ್ಕೆ ನೆಲ ತನ್ನ ಶಾಖವನ್ನು ಬಿಟ್ಟುಕೊಟ್ಟು ತಣ್ಣಗಾಗುವುದರಿಂದಲೇ ಆ ತೇವ ಅಷ್ಟು ದಿನ ಬಾಳುತ್ತದೆ. ಎಳ್ಳ ಅಮಾವಾಸ್ಯೆಯಂದು ಚರಗ ಚೆಲ್ಲಲು ಹೋದಾಗ ಎದೆಮಟ್ಟ ನಿಂತಿರುವ ಜೋಳವನ್ನು ಮೇ ತಿಂಗಳ ಬಿಸಿಲಿನಲ್ಲಿ, ಅದೇ ಮಣ್ಣಿನಲ್ಲಿ, ಅಷ್ಟೇ ತೇವದಿಂದ ಬೆಳೆಸಲು ಆಗದು. ದ್ರಾಕ್ಷಿಯ ಲೆಕ್ಕ ಇದಕ್ಕೆ ಪೂರಕ: ಅಕ್ಟೋಬರ್‌ನಲ್ಲಿ ಚಾಟಣಿ ಮಾಡಿದ, ಅಂದರೆ ಕಡ್ಡಿಗಳನ್ನು ಕತ್ತರಿಸಿದ ಬಳ್ಳಿ ಫೆಬ್ರುವರಿ, ಮಾರ್ಚ್‌ನಲ್ಲಿ ಕೊಯ್ಲಿಗೆ ಬರುತ್ತದೆ, ಆಗ ಏರತೊಡಗಿದ ಸೂರ್ಯ ಮತ್ತು ಒಣ ಗಾಳಿ ಎರಡೂ ಸೇರಿ ಶೆಡ್ಡುಗಳಲ್ಲಿ ಹರವಿದ ಹಣ್ಣನ್ನು ಒಣದ್ರಾಕ್ಷಿ ಮಾಡುತ್ತವೆ.

ಇನ್ನು ಕಕ್ಷೆಯ ಆಕಾರ. ಭೂಮಿಯ ದಾರಿ ಪೂರಾ ದುಂಡಗಿಲ್ಲ, ಬಹಳ ಸ್ವಲ್ಪ ಮೊಟ್ಟೆಯಾಕಾರ. 1609ರಲ್ಲಿ ಕೆಪ್ಲರ್ ತೋರಿಸಿದಂತೆ ಗ್ರಹವೊಂದು ಸೂರ್ಯನಿಗೆ ಹತ್ತಿರವಿದ್ದಾಗ ವೇಗವಾಗಿ, ದೂರವಿದ್ದಾಗ ನಿಧಾನವಾಗಿ ಸಾಗುತ್ತದೆ; ಭೂಮಿಯ ವೇಗ ಜನವರಿಯಲ್ಲಿ ಸೆಕೆಂಡಿಗೆ 30.3 ಕಿ.ಮೀ., ಜುಲೈನಲ್ಲಿ 29.3 ಕಿ.ಮೀ. ಇದರಿಂದ ಮಾರ್ಚ್‌ನ ವಿಷುವದಿಂದ (ಹಗಲು ರಾತ್ರಿ ಸಮನಾಗುವ ದಿನದಿಂದ) ಸೆಪ್ಟೆಂಬರ್‌ನ ವಿಷುವದವರೆಗೆ 186 ದಿನ, ಉಳಿದರ್ಧಕ್ಕೆ ಸುಮಾರು 179 ದಿನ. ನಮ್ಮ ಗೋಡೆಯ ಮೇಲಿನ ಪಂಚಾಂಗವನ್ನು ತೆಗೆದು ನೋಡಿದರೂ ಇದು ಕಾಣುತ್ತದೆ. ಮಳೆ ನಕ್ಷತ್ರವೆಂದರೆ ಸೂರ್ಯ ಆ ನಕ್ಷತ್ರದ ಪಾಲಿನ ಆಕಾಶದಲ್ಲಿ ಇರುವ ಅವಧಿ. ಮೃಗಶಿರಾ, ಆರಿದ್ರಾ, ಪುನರ್ವಸು ಮಳೆಗಳು ತಲಾ 14 ದಿನ ಇರುತ್ತವೆ. ಡಿಸೆಂಬರ್, ಜನವರಿಯಲ್ಲಿ ಸೂರ್ಯ ಒಂದು ನಕ್ಷತ್ರವನ್ನು 13 ದಿನಗಳಲ್ಲಿ ದಾಟುತ್ತಾನೆ. ಸೌರಮಾನದ ಮಿಥುನ ಮಾಸ 31 ದಿನವನ್ನು ಮೀರುತ್ತದೆ, ಧನುರ್ಮಾಸ 30ನ್ನೂ ಮುಟ್ಟುವುದಿಲ್ಲ. ಮೊಟ್ಟೆಯಾಕಾರದ ಕಕ್ಷೆಯ ಗುರುತು ಹೀಗೆ ಪ್ರತಿ ಮನೆಯ ಗೋಡೆಯ ಮೇಲೆ ನೇತಾಡುತ್ತಿದೆ.

ಜನವರಿಯ ಸಾಮೀಪ್ಯದಿಂದ ಭೂಮಿಗೆ ಒಟ್ಟಾರೆ ಜುಲೈಗಿಂತ ಸುಮಾರು ಶೇಕಡಾ 7ರಷ್ಟು ಹೆಚ್ಚು ಬಿಸಿಲು ಬೀಳುತ್ತದೆ. ಹಾಗಿದ್ದೂ ಇಡೀ ಭೂಮಿಯ ಸರಾಸರಿ ಉಷ್ಣಾಂಶ ಜುಲೈನಲ್ಲಿಯೇ ಹೆಚ್ಚು, ಅದೂ ಮೂರು ನಾಲ್ಕು ಡಿಗ್ರಿಗಳಷ್ಟು. ನೆಲದ ಮೂರನೇ ಎರಡು ಪಾಲು ಉತ್ತರಾರ್ಧದಲ್ಲಿದೆ. ದಕ್ಷಿಣಾರ್ಧ ಬಹುಪಾಲು ಕಡಲು. ಹತ್ತಿರದ ಸೂರ್ಯ ದಕ್ಷಿಣದ ನೀರನ್ನು ನಿಧಾನವಾಗಿ ಕಾಯಿಸುತ್ತಾನೆ, ದೂರದ ಸೂರ್ಯ ಉತ್ತರದ ನೆಲವನ್ನು ಬೇಗ ಕಾಯಿಸುತ್ತಾನೆ.

ಇಲ್ಲಿಯವರೆಗೆ ಕೋಲಿನ ವಾಲಿಕೆ ದಿಕ್ಕು ಬದಲಿಸುವುದಿಲ್ಲ ಎಂದು ಹೇಳಿದ್ದು ಒಬ್ಬ ಮನುಷ್ಯನ ಆಯುಷ್ಯದ ಮಟ್ಟಿಗೆ ನಿಜ. ಸಾವಿರಾರು ವರ್ಷಗಳ ಲೆಕ್ಕದಲ್ಲಿ ಅದು ಬದಲಾಗುತ್ತದೆ. ತಿರುಗುವ ಬುಗುರಿ ತನ್ನ ತಲೆಯನ್ನು ನಿಧಾನವಾಗಿ ಸುತ್ತಾಡಿಸುವಂತೆ ಭೂಮಿಯ ಅಕ್ಷವೂ ಸುಮಾರು 26,000 ವರ್ಷಗಳಿಗೊಮ್ಮೆ ಒಂದು ಸುತ್ತು ಹಾಕುತ್ತದೆ. ಭೂಮಿಯ ಉಬ್ಬಿದ ನಡುವನ್ನು ಚಂದ್ರ ಮತ್ತು ಸೂರ್ಯ ಎಳೆಯುವುದೇ ಅದಕ್ಕೆ ಕಾರಣ. ನಮ್ಮ ಜ್ಯೋತಿಷಿಗಳು ಇದನ್ನು ಅಯನಚಲನೆ ಎಂದರು. ಅದರ ಫಲ ಪ್ರತಿವರ್ಷ ನಮ್ಮ ಕಣ್ಣೆದುರಿಗೇ ಇದೆ: ಸೂರ್ಯ ಉತ್ತರಕ್ಕೆ ಹೊರಳುವುದು ಡಿಸೆಂಬರ್ 21 ಅಥವಾ 22ಕ್ಕೆ, ಉತ್ತರಾಯಣವೆಂದು ನಾವು ಎಳ್ಳು ಬೆಲ್ಲ ಹಂಚುವುದು ಜನವರಿ 14 ಅಥವಾ 15ಕ್ಕೆ. ಸುಮಾರು 1,700 ವರ್ಷಗಳ ಹಿಂದೆ ಈ ಎರಡೂ ಒಂದೇ ದಿನ ಬರುತ್ತಿದ್ದವು. ನಕ್ಷತ್ರಗಳನ್ನು ಹಿಡಿದು ನಡೆಯುವ ಪಂಚಾಂಗ ಋತುವಿನಿಂದ 72 ವರ್ಷಕ್ಕೆ ಒಂದು ದಿನದಂತೆ ಹಿಂದೆ ಬೀಳುತ್ತ ಈಗ 24 ದಿನಗಳ ಅಂತರವಾಗಿದೆ. 1150ರಲ್ಲಿ ಸಿದ್ಧಾಂತ ಶಿರೋಮಣಿಯನ್ನು ಬರೆದ ಭಾಸ್ಕರಾಚಾರ್ಯನ ಕಾಲಕ್ಕೆ ಆ ಅಂತರ ಇದರ ಅರ್ಧದಷ್ಟಿತ್ತು, ಅಯನಚಲನೆ ಅವನಿಗೆ ತಿಳಿದೂ ಇತ್ತು. (ಅವನ ಊರಾದ ವಿಜ್ಜಡವಿಡವೇ ನಮ್ಮ ವಿಜಯಪುರ ಎಂದು ಹೇಳುವವರಿದ್ದಾರೆ, ಮೊಮ್ಮಗ ಚಾಂಗದೇವನ ಶಾಸನ ಸಿಕ್ಕಿರುವ ಖಾನದೇಶದ ಪಾಟಣದ ಕಡೆಗೆ ಬೆರಳು ತೋರಿಸುವವರೂ ಇದ್ದಾರೆ. ಅಭಿಮಾನದಿಂದ ತೀರ್ಮಾನಿಸುವ ವಿಷಯ ಅದಲ್ಲ.)

ಅಕ್ಷದ ಈ ಸುತ್ತಾಟ ಹಬ್ಬದ ತಾರೀಖನ್ನಷ್ಟೇ ಅಲ್ಲ, ಮಳೆಯನ್ನೂ ಬದಲಿಸಬಲ್ಲದು. ಅಕ್ಷದ ದಿಕ್ಕೂ ಕಕ್ಷೆಯ ಮೊಟ್ಟೆಯಾಕಾರದ ದಿಕ್ಕೂ ಎರಡೂ ಸರಿಯುವುದರಿಂದ, ಭೂಮಿ ಸೂರ್ಯನಿಗೆ ಅತಿ ಹತ್ತಿರವಾಗುವ ದಿನ ಸುಮಾರು 21,000 ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. 13ನೇ ಶತಮಾನದ ನಡುವಿನಲ್ಲಿ ಆ ದಿನ ಡಿಸೆಂಬರ್‌ನ ಗಿಡ್ಡ ಹಗಲಿನೊಂದಿಗೆ ಕೂಡಿತ್ತು. ಸುಮಾರು 11,000 ವರ್ಷಗಳ ಹಿಂದೆ ಅದು ಜೂನ್‌ನ ದೀರ್ಘ ಹಗಲಿನ ಹತ್ತಿರ ಬರುತ್ತಿತ್ತು. ಉತ್ತರಾರ್ಧ ಸೂರ್ಯನ ಕಡೆಗೆ ಬಾಗಿದ ಹೊತ್ತೂ ಸೂರ್ಯ ಹತ್ತಿರವಿದ್ದ ಹೊತ್ತೂ ಒಂದೇ ಆದಾಗ ಏಷ್ಯಾ ಮತ್ತು ಆಫ್ರಿಕಾದ ನೆಲ ಇಂದಿಗಿಂತ ಹೆಚ್ಚು ಕಾದು, ಕಡಲಿನ ಗಾಳಿಯನ್ನು ಇನ್ನೂ ಬಲವಾಗಿ ಎಳೆಯಿತು. 9,000 ವರ್ಷಗಳ ಹಿಂದಿನ ಕಕ್ಷೆಯನ್ನು ಗಣಕಕ್ಕೆ ಕೊಟ್ಟು, ಉತ್ತರದ ಬೇಸಿಗೆಯ ಬಿಸಿಲು ಶೇಕಡಾ 7ರಷ್ಟು ಹೆಚ್ಚಿದ್ದರೆ ಮಾನ್ಸೂನ್ ಹೇಗೆ ಬಲಗೊಳ್ಳುತ್ತದೆಂಬುದನ್ನು ಹವಾಮಾನ ವಿಜ್ಞಾನಿ ಜಾನ್ ಕುಟ್ಸ್‌ಬಾಕ್ 1981ರಲ್ಲಿ ತೋರಿಸಿದರು. ಅಂದಿನ ಸಹಾರಾದಲ್ಲಿ ಸರೋವರಗಳೂ ಹುಲ್ಲುಗಾವಲುಗಳೂ ಇದ್ದವು. ಒಮಾನಿನ ಗುಹೆಗಳಲ್ಲಿ ತೊಟ್ಟಿಕ್ಕಿ ಬೆಳೆದ ಸುಣ್ಣದ ಕಂಬಗಳಲ್ಲಿ, ಅರಬ್ಬೀ ಸಮುದ್ರದ ತಳದ ಕೆಸರಿನಲ್ಲಿ ಆ ಬಲವಾದ ಮಾನ್ಸೂನಿನ ಗುರುತುಗಳು ಉಳಿದಿವೆ. ನಂತರ ಬೇಸಿಗೆಯ ಬಿಸಿಲು ನಿಧಾನವಾಗಿ ತಗ್ಗಿದಂತೆ ಮಳೆಯ ಪಟ್ಟಿ ದಕ್ಷಿಣಕ್ಕೆ ಸರಿಯಿತು, ಸಹಾರಾ ಮರಳಾಯಿತು.

ಹಿಮಯುಗಗಳಿಗೂ ಇದೇ ಗಡಿಯಾರವಿದೆ ಎಂದು ಲೆಕ್ಕ ಹಾಕಿದವನು ಸರ್ಬಿಯಾದ ಮಿಲುಟಿನ್ ಮಿಲಾಂಕೊವಿಚ್. ಮೊದಲ ಮಹಾಯುದ್ಧದ ಕಾಲದಲ್ಲಿ ಬಂಧಿಯಾಗಿ ಬುಡಾಪೆಸ್ಟಿನಲ್ಲಿ ಇರಬೇಕಾಗಿ ಬಂದಾಗಲೂ ಅವನು ಅಲ್ಲಿಯ ಗ್ರಂಥಾಲಯದಲ್ಲಿ ಕುಳಿತು, ಗಣಕವಿಲ್ಲದ ಆ ದಿನಗಳಲ್ಲಿ, ಬಿಸಿಲಿನ ಲೆಕ್ಕವನ್ನು ಕೈಯಿಂದಲೇ ಮುಂದುವರಿಸಿದ. ಭೂಮಿಯ ಓರೆ ಸುಮಾರು 41,000 ವರ್ಷಗಳ ಆವರ್ತದಲ್ಲಿ 22.1 ಮತ್ತು 24.5 ಡಿಗ್ರಿಗಳ ನಡುವೆ ತೂಗಾಡುತ್ತದೆ. ಈಗ ಅದು ಇಳಿಯುವ ಹಾದಿಯಲ್ಲಿದೆ. ಕಕ್ಷೆಯ ಮೊಟ್ಟೆಯಾಕಾರ ಸುಮಾರು ಒಂದು ಲಕ್ಷ ವರ್ಷಗಳ ಆವರ್ತದಲ್ಲಿ ಹೆಚ್ಚು ಕಡಿಮೆಯಾಗುತ್ತದೆ. ಇವುಗಳಿಂದಾಗಿ ಉತ್ತರದ ಎತ್ತರದ ಅಕ್ಷಾಂಶಗಳ ಬೇಸಿಗೆ ತಣ್ಣಗಾದಾಗ ಹಿಂದಿನ ಚಳಿಗಾಲದ ಹಿಮ ಕರಗದೆ ಉಳಿದು, ವರ್ಷದ ಮೇಲೆ ವರ್ಷ ಪೇರಿಸಿಕೊಂಡು ಹಿಮದ ಹಾಸುಗಳಾಗುತ್ತವೆ ಎಂಬುದು ಅವನ ವಾದ. ಕಡುಚಳಿಯಲ್ಲ, ಸಪ್ಪೆ ಬೇಸಿಗೆಯೇ ಹಿಮಯುಗವನ್ನು ತರುತ್ತದೆ ಎಂಬ ಈ ತಿರುವು ನನಗೆ ಇಡೀ ವಿಷಯದಲ್ಲೇ ಅತ್ಯಂತ ಸೊಗಸಾದದ್ದೆನಿಸುತ್ತದೆ. ಅವನು 1958ರಲ್ಲಿ ತೀರಿಕೊಂಡ. 1976ರಲ್ಲಿ ಹೇಸ್, ಇಂಬ್ರಿ ಮತ್ತು ಶಾಕಲ್‌ಟನ್ ಎಂಬ ವಿಜ್ಞಾನಿಗಳು ದಕ್ಷಿಣ ಹಿಂದೂ ಮಹಾಸಾಗರದ ತಳದಿಂದ ತೆಗೆದ ಕೆಸರಿನ ಕಂಬಗಳಲ್ಲಿ ಇದೇ ಆವರ್ತಗಳನ್ನು ಕಂಡರು. ಸುಮಾರು 20,000 ವರ್ಷಗಳ ಹಿಂದೆ ಕೊನೆಯ ಹಿಮಯುಗ ತುದಿ ಮುಟ್ಟಿದಾಗ ಕಡಲಿನ ಮಟ್ಟ ಇಂದಿಗಿಂತ ಸುಮಾರು 120 ಮೀ. ಕೆಳಗಿತ್ತು, ನಮ್ಮ ಮಾನ್ಸೂನ್ ದುರ್ಬಲವಾಗಿತ್ತು.

ಹವೆ ಹಿಂದೆಯೂ ತಾನಾಗಿಯೇ ಬದಲಾಗಿದೆಯಲ್ಲ, ಈಗಿನ ತಾಪವೂ ಹಾಗೆಯೇ ಇರಬಹುದು ಎನ್ನುವವರು ಈ ಗಡಿಯಾರದ ನಿಧಾನವನ್ನು ನೋಡಬೇಕು. ಕಕ್ಷೆ ಮತ್ತು ಓರೆಗಳು ಅರ್ಥಪೂರ್ಣವಾಗಿ ಬದಲಾಗಲು ಸಾವಿರಾರು ವರ್ಷ ಬೇಕು. ಕಳೆದ ನೂರೈವತ್ತು ವರ್ಷಗಳಲ್ಲಿ ಅವುಗಳ ಪಾಲು ಲೆಕ್ಕಕ್ಕೇ ಬಾರದಷ್ಟು ಸಣ್ಣದು. ಉತ್ತರದ ಬೇಸಿಗೆಯ ಬಿಸಿಲು ಸಾವಿರಾರು ವರ್ಷಗಳಿಂದ ಇಳಿಯುತ್ತಲೇ ಬಂದಿದ್ದು, ಕಕ್ಷೆಯ ಮಾತು ನಡೆಯುವುದಾಗಿದ್ದರೆ ಭೂಮಿ ಅತಿ ನಿಧಾನವಾಗಿ ತಣ್ಣಗಾಗುತ್ತಿರಬೇಕಿತ್ತು. ಆದರೆ 19ನೇ ಶತಮಾನದ ಕೊನೆಯಿಂದ ಈಚೆಗೆ ಅದು ಒಂದು ಡಿಗ್ರಿಗಿಂತ ಹೆಚ್ಚು ಬಿಸಿಯಾಗಿದೆ, ಏಕೆಂದರೆ ಗಾಳಿಯ ಪ್ರತಿ ಹತ್ತು ಲಕ್ಷ ಕಣಗಳಲ್ಲಿ 280ರಷ್ಟಿದ್ದ ಇಂಗಾಲದ ಡೈಆಕ್ಸೈಡ್ ಈಗ 420ನ್ನು ದಾಟಿದೆ.

ನಿಧಾನವಾದ ಗಡಿಯಾರ ನಿಂತಿಲ್ಲ ಎಂಬುದನ್ನು ಕಾಣಲು ಮಳೆ ನಕ್ಷತ್ರಗಳೇ ಸಾಕು. 72 ವರ್ಷಕ್ಕೆ ಒಂದು ದಿನದ ಲೆಕ್ಕದಲ್ಲಿ ಸುಮಾರು 960 ವರ್ಷಗಳಿಗೆ ಒಂದು ಇಡೀ ನಕ್ಷತ್ರವೇ ಜಾರುತ್ತದೆ. ಇಂದು ಮಿರಗ, ಅಂದರೆ ಮೃಗಶಿರಾ ಮಳೆ, ಕೂಡುವುದು ಜೂನ್ 7–8ಕ್ಕೆ, ಮುಂಗಾರು ನಮ್ಮ ಕಡೆಗೆ ಮುಟ್ಟುವ ದಿನಗಳಲ್ಲಿ. ಅದಕ್ಕೇ ಮಿರಗವೆಂದರೆ ಬಿತ್ತನೆಯ ಸುದ್ದಿ. ಕಲ್ಯಾಣ ಚಾಲುಕ್ಯರ ಆಳ್ವಿಕೆಯಲ್ಲಿ, 11ನೇ ಶತಮಾನದ ನಡುವಿನಲ್ಲಿ, ಮಿರಗ ಕೂಡುತ್ತಿದ್ದದ್ದು ಇನ್ನೂ ಕಡುಬೇಸಿಗೆಯಲ್ಲೇ, ಈಗ ರೋಹಿಣಿ ಬರುವ ಹೊತ್ತಿಗೆ. ಮುಂಗಾರು ಋತುವಿನ ಅದೇ ಹೊತ್ತಿಗೆ ಬರುತ್ತಿದ್ದರೆ ಅಂದಿನ ಒಕ್ಕಲಿಗ ಆಕಾಶ ನೋಡುತ್ತ ಕಾದದ್ದು ಆರಿದ್ರಾ ಮಳೆಗೆ. ಇನ್ನು ಸಾವಿರ ವರ್ಷಗಳ ನಂತರ ಇಲ್ಲಿ ಬಿತ್ತುವವರು ರೋಹಿಣಿಗೇ ಕೂರಿಗೆ ಕಟ್ಟಬೇಕಾಗಬಹುದು. ಉತ್ತರದ ಗೋಡೆಗೆ ಮಧ್ಯಾಹ್ನದ ಬಿಸಿಲು ತಾಗಿದ ಒಂದು ತಿಂಗಳಿಗೆ ಮುಂಗಾರು ಎಂಬ ಎಣಿಕೆ ಮಾತ್ರ ಅಂದಿಗೂ ಇಂದಿಗೂ ಒಂದೇ, ಏಕೆಂದರೆ ಗೋಡೆ ನೋಡುವುದು ನಕ್ಷತ್ರವನ್ನಲ್ಲ, ಸೂರ್ಯನ ಎತ್ತರವನ್ನು.